502 ಕೊಟ್ಟವರು ಯಾರು? ಎರಡು ಕ್ಲೌಡ್ ಆ್ಯಪ್‌ಗಳ ನಡುವಿನ ಒಂದು ರಿಪೇರಿ

ನಮ್ಮ ಆರ್ಡರ್ ಆ್ಯಪ್ ಒಂದು ಪೋಸ್ಟ್ ರಿಕ್ವೆಸ್ಟ್, ಅಂದರೆ ಹೊಸ ಬಿಲ್ ಮಾಡಿ ಅನ್ನುವ ಕೋರಿಕೆ, ಕಳಿಸುತ್ತದೆ. ಬಿಲ್ ಆ್ಯಪ್ ಅದನ್ನು ತೆಗೆದುಕೊಂಡು ಬಿಲ್ ಮಾಡಿ ನಂಬರ್ ವಾಪಸ್ ಕೊಡುತ್ತದೆ. ಇಷ್ಟೇ ಕೆಲಸ. ಆದರೆ ಅಪರೂಪಕ್ಕೊಮ್ಮೆ ನಂಬರ್ ಬದಲು 502 ಅನ್ನುವ ದೋಷದ ಕೋಡ್ ಬರುತ್ತಿತ್ತು. ಸಗಟು ವ್ಯಾಪಾರದಲ್ಲಿ ಬಿಲ್ ಇಲ್ಲದೆ ಲಾರಿ ಹೊರಡುವ ಹಾಗಿಲ್ಲ. ಹಾಗಾಗಿ ಒಂದು ರಿಕ್ವೆಸ್ಟ್ ಬಿದ್ದರೂ ಹುಬ್ಬಳ್ಳಿಯ ಗೋಡೌನಿನಿಂದ ಫೋನ್ ಬರುತ್ತಿತ್ತು: "ಸರ, ಆರ್ಡರ್ ಕಾಣಾಕತ್ತೈತ್ರಿ, ಬಿಲ್ ಬಂದಿಲ್ರಿ." ಇನ್ನೊಮ್ಮೆ ಬಟನ್ ಒತ್ತಿ ಅಂದರೆ ಬಿಲ್ ಬರುತ್ತಿತ್ತು.

ಇನ್ನೊಮ್ಮೆ ಒತ್ತಿದರೆ ಸರಿಹೋಗುತ್ತದೆ ಅನ್ನುವ ಕಾರಣಕ್ಕೇ ಇಂಥ ದೋಷಗಳು ಎಷ್ಟೋ ಕಡೆ ಹಾಗೇ ಉಳಿದುಬಿಡುತ್ತವೆ. ಸೋತ ರಿಕ್ವೆಸ್ಟ್ ಅನ್ನು ತಾನಾಗಿ ಮತ್ತೆ ಕಳಿಸುವ ಒಂದು ರೀಟ್ರೈ ಯಾರೋ ಸೇರಿಸುತ್ತಾರೆ, ಮುಗೀತು. ಆದರೆ ಬಿಲ್ ವಿಷಯದಲ್ಲಿ ಕಣ್ಣುಮುಚ್ಚಿ ರೀಟ್ರೈ ಮಾಡಿದರೆ ಒಂದು ಆರ್ಡರ್‌ಗೆ ಎರಡು ಬಿಲ್ ಆಗಬಹುದು. ಅದಕ್ಕೆ ಮೂಲವನ್ನೇ ಹುಡುಕಲು ಕೂತೆವು. ಏನು ನೋಡಿದೆವು, ಯಾವ ಕ್ರಮದಲ್ಲಿ ನೋಡಿದೆವು, ಯಾವ ಸೆಟ್ಟಿಂಗ್ ಬದಲಿಸಿದೆವು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಜೋಡಣೆ ಹೇಗಿದೆ ಹೇಳಿಬಿಡುತ್ತೇನೆ. ಎಲ್ಲವೂ ಅಮೆಜ಼ಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನಲ್ಲಿದೆ. ಆರ್ಡರ್ ಆ್ಯಪ್ ಪೈಥಾನ್‌ನಲ್ಲಿದೆ, ಹೊರಗೆ ಕರೆ ಮಾಡಲು ರಿಕ್ವೆಸ್ಟ್ಸ್ ಲೈಬ್ರರಿ ಬಳಸುತ್ತದೆ. ಬಿಲ್ ಆ್ಯಪ್ ನೋಡ್‌ಜೆಎಸ್‌ನಲ್ಲಿದೆ, ಎರಡು ಇಸಿ2 ಮೆಷಿನ್‌ಗಳಲ್ಲಿ ಓಡುತ್ತದೆ. ಅವುಗಳ ಮುಂದೆ, ಬಂದ ರಿಕ್ವೆಸ್ಟ್‌ಗಳನ್ನು ಎರಡಕ್ಕೂ ಹಂಚುವ ಒಂದು ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಇದೆ. ಬಿಲ್‌ಗಳು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕೂರುತ್ತವೆ. ಆರ್ಡರ್ ಆ್ಯಪ್ ಹೊರಗಿನ ಒಂದು ಎಸ್‌ಎಂಎಸ್ ಸೇವೆಗೂ ಕರೆ ಮಾಡುತ್ತದೆ. ಆ ಕರೆ, ಒಳಗಿನ ಮೆಷಿನ್‌ಗಳನ್ನು ಹೊರಗಿನ ಇಂಟರ್ನೆಟ್‌ಗೆ ಜೋಡಿಸುವ ನ್ಯಾಟ್ ಗೇಟ್‌ವೇ ಮೂಲಕ ಹೋಗುತ್ತದೆ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆರ್ಡರ್ ಆ್ಯಪ್‌ನಿಂದ ಬಿಲ್ ಆ್ಯಪ್‌ಗೆ ಹೋಗುವುದು ಒಂದು ರಿಕ್ವೆಸ್ಟ್, ಆದರೆ ಅದನ್ನು ಸಾಗಿಸುವ ಟಿಸಿಪಿ ಕನೆಕ್ಷನ್ (ಎರಡು ಮೆಷಿನ್‌ಗಳ ನಡುವಿನ ಸಂಪರ್ಕ) ಎರಡು. ಪೈಥಾನ್‌ನಿಂದ ಲೋಡ್ ಬ್ಯಾಲೆನ್ಸರ್‌ವರೆಗೆ ಒಂದು. ಲೋಡ್ ಬ್ಯಾಲೆನ್ಸರ್‌ನಿಂದ ನೋಡ್‌ವರೆಗೆ ಇನ್ನೊಂದು. ಯಾವುದು ಮುರಿದರೂ ಆರ್ಡರ್ ಆ್ಯಪ್‌ಗೆ ಕಾಣುವುದು "ಬಿಲ್ ಆಗಲಿಲ್ಲ" ಅಂತ ಮಾತ್ರ.

ಉತ್ತರದ ಮೇಲೆ ಯಾರ ಹೆಸರಿದೆ

ಆರ್ಡರ್ ಆ್ಯಪ್‌ನ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನು ಬರೆದಿಡುವ ಫೈಲ್‌ನಲ್ಲಿ, 502 ಅನ್ನುವ ಸಂಖ್ಯೆ ಮಾತ್ರ ಇತ್ತು. ಬಿಲ್ ಆ್ಯಪ್‌ನ ಲಾಗ್‌ನಲ್ಲಿ ಆ ಹೊತ್ತಿಗೆ ಏನೂ ಇರಲಿಲ್ಲ. ದೋಷವೂ ಇಲ್ಲ, ರಿಕ್ವೆಸ್ಟ್ ಬಂದ ಗುರುತೂ ಇಲ್ಲ.

ಮೊದಲ ಕೆಲಸವಾಗಿ, 500ಕ್ಕಿಂತ ಮೇಲಿನ ಯಾವ ಉತ್ತರ ಬಂದರೂ ಅದರ ಹೆಡರ್‌ಗಳನ್ನೂ (ಉತ್ತರದ ಜೊತೆ ಬರುವ ವಿವರದ ಸಾಲುಗಳು) ಲಾಗ್‌ಗೆ ಬರೆಯುವಂತೆ ಮಾಡಿದೆವು. ಸಣ್ಣ ಬದಲಾವಣೆ, ಆದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಸರ್ವರ್ ಹೆಡರ್‌ನಲ್ಲಿ ಎಡಬ್ಲ್ಯೂಎಸ್-ಇಎಲ್‌ಬಿ 2.0 ಅಂತ ಇತ್ತು. ಅಂದರೆ ಈ 502 ಬಿಲ್ ಆ್ಯಪ್ ಕೊಟ್ಟದ್ದಲ್ಲ, ಲೋಡ್ ಬ್ಯಾಲೆನ್ಸರ್ ತಾನೇ ತಯಾರಿಸಿ ಕೊಟ್ಟದ್ದು. ಬಿಲ್ ಆ್ಯಪ್‌ನ ಕೋಡ್‌ನಲ್ಲಿ ದೋಷ ಹುಡುಕುವ ಕೆಲಸ ಅಲ್ಲಿಗೆ ನಿಂತಿತು.

ಆಮೇಲೆ ಲೋಡ್ ಬ್ಯಾಲೆನ್ಸರ್‌ನ ಆ್ಯಕ್ಸೆಸ್ ಲಾಗ್. ಇದು ತಾನಾಗಿ ಆನ್ ಇರುವುದಿಲ್ಲ, ನಾವೇ ಆನ್ ಮಾಡಬೇಕು. ಮಾಡಿದ ಮೇಲೆ ಐದೈದು ನಿಮಿಷಕ್ಕೆ ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹವಾದ ಎಸ್3 ಬಕೆಟ್‌ಗೆ ಫೈಲ್ ಬಂದು ಬೀಳುತ್ತದೆ. ಒಂದು ರಿಕ್ವೆಸ್ಟ್‌ಗೆ ಒಂದು ಸಾಲು. ಆ ಸಾಲಿನಲ್ಲಿ ಎರಡು ಸ್ಟೇಟಸ್ ಕೋಡ್ ಇರುತ್ತವೆ. ಒಂದು ಲೋಡ್ ಬ್ಯಾಲೆನ್ಸರ್ ಕರೆದವನಿಗೆ ಕೊಟ್ಟದ್ದು, ಇನ್ನೊಂದು ಹಿಂದಿರುವ ಆ್ಯಪ್ ಲೋಡ್ ಬ್ಯಾಲೆನ್ಸರ್‌ಗೆ ಕೊಟ್ಟದ್ದು. ನಮ್ಮ ಬಿದ್ದುಹೋದ ಸಾಲುಗಳಲ್ಲಿ ಮೊದಲನೆಯದು 502, ಎರಡನೆಯದು ಬರೀ ಒಂದು ಅಡ್ಡಗೆರೆ. ಆ್ಯಪ್‌ನಿಂದ ಉತ್ತರವೇ ಬಂದಿಲ್ಲ ಅಂತ ಅದರ ಅರ್ಥ. ಉತ್ತರದ ಸಮಯದ ಕಾಲಂನಲ್ಲಿ -1 ಇತ್ತು.

ಈ ಸಾಲನ್ನು ಓದುವ ಅಭ್ಯಾಸ ಎಲ್ಲರಿಗೂ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. 502, 503, 504 ಮೂರನ್ನೂ "ಸರ್ವರ್ ಡೌನ್" ಅಂತ ಒಂದೇ ಬುಟ್ಟಿಗೆ ಹಾಕುವವರು ಬಹಳ. ಈ ಲೋಡ್ ಬ್ಯಾಲೆನ್ಸರ್‌ನಲ್ಲಿ ಮೂರೂ ಬೇರೆ. 503 ಬಂದರೆ ಟಾರ್ಗೆಟ್ ಗ್ರೂಪ್‌ನಲ್ಲಿ (ಹಿಂದಿರುವ ಮೆಷಿನ್‌ಗಳ ಪಟ್ಟಿ) ಬಳಸಬಹುದಾದ ಟಾರ್ಗೆಟ್ ನೋಂದಣಿಯಾಗಿಲ್ಲವೇನೋ ನೋಡಬೇಕು. 504 ಬಂದರೆ 10 ಸೆಕೆಂಡಿನೊಳಗೆ ಕನೆಕ್ಷನ್ ಆಗಿಲ್ಲ, ಇಲ್ಲವೇ ಆ್ಯಪ್ ಉತ್ತರ ಕೊಡಲು ತೆಗೆದುಕೊಂಡ ಹೊತ್ತು ಜಾಸ್ತಿಯಾಗಿದೆ. ಸೆಕ್ಯುರಿಟಿ ಗ್ರೂಪ್ (ಎಡಬ್ಲ್ಯೂಎಸ್‌ನ ಫೈರ್‌ವಾಲ್) ದಾರಿ ಮುಚ್ಚಿದ್ದರೂ 504 ಬರುತ್ತದೆ. 502 ಅಂದರೆ ಆ ಕಡೆಯವರು ಕನೆಕ್ಷನ್ ನಿರಾಕರಿಸಿದರು, ಇಲ್ಲವೇ ಇದ್ದ ಕನೆಕ್ಷನ್ ನಡುವೆ ಕಡಿದರು, ಅಥವಾ ಕೊಟ್ಟ ಉತ್ತರ ಎಚ್‌ಟಿಟಿಪಿಯ ಹಾಗೇ ಇರಲಿಲ್ಲ.

ನಮ್ಮ ಸಾಲುಗಳಲ್ಲಿ ಇನ್ನೊಂದು ಸುಳಿವೂ ಇತ್ತು. ಸೋತ ರಿಕ್ವೆಸ್ಟ್‌ಗಳೆಲ್ಲ ಕೆಲವೇ ಮಿಲಿಸೆಕೆಂಡ್‌ನಲ್ಲಿ ಸೋತಿದ್ದವು. ಕಾದು ಕಾದು ಸೋತದ್ದು ಒಂದೂ ಇಲ್ಲ. ಹಾಗಾದರೆ ಬಿಲ್ ಆ್ಯಪ್ ನಿಧಾನ, ಡೇಟಾಬೇಸ್ ನಿಧಾನ ಅನ್ನುವ ಅನುಮಾನಗಳೂ ಹೋದವು.

ನಡು ಹೊತ್ತಿನ ದೋಷ

ಸೋತ ರಿಕ್ವೆಸ್ಟ್‌ಗಳನ್ನು ಗಂಟೆಗಳ ಮೇಲೆ ಹರಡಿ ನೋಡಿದೆವು. ಬೆಳಗ್ಗೆ ಹತ್ತರಿಂದ ಒಂದರವರೆಗೆ ಅಂಗಡಿಗಳ ಆರ್ಡರ್ ಸುರಿಯುತ್ತದೆ. ಆಗ ಒಂದೂ ಇಲ್ಲ. ರಾತ್ರಿ ಆರ್ಡರ್ ಇರುವುದೇ ಕಡಿಮೆ. ಆಗಲೂ ಇಲ್ಲ. ಬೆಳಗ್ಗೆ ಎಂಟರ ಸುಮಾರು, ಮಧ್ಯಾಹ್ನ ಊಟದ ಹೊತ್ತು, ಸಂಜೆ ಆರ್ಡರ್ ಇಳಿಯುವ ಹೊತ್ತು, ಅಲ್ಲೆಲ್ಲ ಇತ್ತು.

ಇದು ವಿಚಿತ್ರ ಅಲ್ವಾ? ಹೊರೆ ಜಾಸ್ತಿಯಾದರೆ ಸರ್ವರ್ ಸೋಲುತ್ತದೆ ಅಂತ ನಾವೆಲ್ಲ ಎಣಿಸುತ್ತೇವೆ. ಇಲ್ಲಿ ಹೊರೆ ಜಾಸ್ತಿಯಿದ್ದಾಗ ಎಲ್ಲ ಸರಿ. ಟೆಸ್ಟ್ ಪರಿಸರದಲ್ಲಿ ಇದು ಕಾಣಿಸದೇ ಇದ್ದದ್ದಕ್ಕೂ ಕಾರಣ ಇದೇ. ಕೈಯಿಂದ ಪರೀಕ್ಷೆ ಮಾಡುವಾಗ ರಿಕ್ವೆಸ್ಟ್‌ಗಳ ನಡುವೆ ಅಂತರ ಬಹಳ. ಲೋಡ್ ಟೆಸ್ಟ್ ಮಾಡುವಾಗ ಅಂತರವೇ ಇಲ್ಲ. ದೋಷ ಇರುವುದು ಇವೆರಡರ ನಡುವೆ, ಒಂದು ಕನೆಕ್ಷನ್ ಕೆಲವು ಸೆಕೆಂಡ್ ಸುಮ್ಮನೆ ಕೂತು ಮತ್ತೆ ಕೆಲಸಕ್ಕೆ ಬರುವ ಜಾಗದಲ್ಲಿ.

ಎಚ್‌ಟಿಟಿಪಿ 1.1ರಲ್ಲಿ ಒಂದು ರಿಕ್ವೆಸ್ಟ್ ಮುಗಿದ ಮೇಲೂ ಕನೆಕ್ಷನ್ ಮುಚ್ಚುವುದಿಲ್ಲ. ಮುಂದಿನ ರಿಕ್ವೆಸ್ಟ್‌ಗೆ ಅಂತ ತೆರೆದೇ ಇಟ್ಟುಕೊಳ್ಳುತ್ತಾರೆ, ಇದಕ್ಕೆ ಕೀಪ್-ಅಲೈವ್ ಅಂತ ಹೆಸರು. 1997ರ ಮಾನದಂಡವಾದ ಆರ್‌ಎಫ್‌ಸಿ 2068ರಿಂದಲೂ ಇದೇ ಡಿಫಾಲ್ಟ್. ಎಷ್ಟು ಹೊತ್ತು ತೆರೆದಿಡಬೇಕು ಅನ್ನುವುದನ್ನು ಮಾತ್ರ ಎರಡೂ ಬದಿಯವರು ತಮ್ಮ ತಮ್ಮ ಗಡಿಯಾರ ನೋಡಿ ತೀರ್ಮಾನಿಸುತ್ತಾರೆ. ಈ ಲೋಡ್ ಬ್ಯಾಲೆನ್ಸರ್‌ನ ಡಿಫಾಲ್ಟ್ 60 ಸೆಕೆಂಡ್. ನಾವು ಓಡಿಸುತ್ತಿದ್ದ ನೋಡ್ ಆವೃತ್ತಿಯ ಡಿಫಾಲ್ಟ್ 5 ಸೆಕೆಂಡ್. ಬಿಲ್ ಆ್ಯಪ್‌ನ ಮೆಷಿನ್‌ಗೆ ಕರ್ಲ್ ಕಮಾಂಡ್‌ನಿಂದ ನೇರವಾಗಿ ಒಂದು ರಿಕ್ವೆಸ್ಟ್ ಕಳಿಸಿ, ವರ್ಬೋಸ್ ಆಯ್ಕೆ ಹಾಕಿ ನೋಡಿದರೆ ಉತ್ತರದ ಹೆಡರ್‌ನಲ್ಲೇ ಬರೆದಿತ್ತು: ಕೀಪ್-ಅಲೈವ್, ಟೈಮ್‌ಔಟ್ 5.

ಅನುಮಾನ ಗಟ್ಟಿಯಾಯಿತು. ಆದರೂ ಅನುಮಾನದ ಮೇಲೆ ಪ್ರೊಡಕ್ಷನ್ ಸೆಟ್ಟಿಂಗ್ ಬದಲಿಸುವುದು ನನಗೆ ಇಷ್ಟವಿಲ್ಲ. ಬದಲಿಸಿದ ಮೇಲೆ ದೋಷ ಕಾಣದಿದ್ದರೆ ಅದು ಹೋಯಿತೋ, ಸುಮ್ನೆ ಆ ವಾರ ಬರಲಿಲ್ಲವೋ ಗೊತ್ತಾಗುವುದಿಲ್ಲ.

ಪ್ಯಾಕೆಟ್ ಹಿಡಿದು ನೋಡಿದ್ದು

ಲೋಡ್ ಬ್ಯಾಲೆನ್ಸರ್‌ನಿಂದ ಬಿಲ್ ಆ್ಯಪ್‌ಗೆ ಹೋಗುವ ಭಾಗ ನಮ್ಮಲ್ಲಿ ಟಿಎಲ್‌ಎಸ್ ಗೂಢಲಿಪಿ ಇಲ್ಲದ ಸಾದಾ ಎಚ್‌ಟಿಟಿಪಿ. ಹಾಗಾಗಿ ಬಿಲ್ ಆ್ಯಪ್‌ನ ಒಂದು ಮೆಷಿನ್‌ನಲ್ಲಿ, ಬಂದು ಹೋಗುವ ಪ್ಯಾಕೆಟ್‌ಗಳನ್ನು ಹಿಡಿದಿಡುವ ಟಿಸಿಪಿಡಂಪ್ ಓಡಿಸಿದೆವು. ಡಿಸ್ಕ್ ತುಂಬದಂತೆ ಫೈಲ್‌ಗಳು ಸುತ್ತುವ ಆಯ್ಕೆ ಹಾಕಿದೆವು, ಹಳೆಯ ಫೈಲ್ ಅಳಿಸಿ ಹೊಸದು ಬರೆಯುತ್ತಾ ಹೋಗುತ್ತದೆ. ಪ್ರತಿ ಪ್ಯಾಕೆಟ್‌ನ ಮೊದಲ 128 ಬೈಟ್ ಮಾತ್ರ ಹಿಡಿದೆವು. ಬಿಲ್‌ನಲ್ಲಿ ಅಂಗಡಿಯವರ ಹೆಸರು, ಜಿಎಸ್‌ಟಿ ನಂಬರ್, ಮೊತ್ತ ಎಲ್ಲ ಇರುತ್ತದೆ. ದೋಷ ಹುಡುಕುವ ನೆಪದಲ್ಲಿ ಅದೆಲ್ಲ ನಮ್ಮ ಲ್ಯಾಪ್‌ಟಾಪ್‌ಗೆ ಬರುವುದು ತಪ್ಪು. ಟಿಸಿಪಿ ಫ್ಲ್ಯಾಗ್ ನೋಡಲು ಅಷ್ಟು ಬೈಟ್ ಸಾಕು.

ಮುಂದಿನ ಫೋನ್ ಬರುವುದಕ್ಕೆ ಕಾಯುವ ಅಗತ್ಯ ಬೀಳಲಿಲ್ಲ. ಆ್ಯಕ್ಸೆಸ್ ಲಾಗ್‌ನಲ್ಲಿ ಹೊಸ 502 ಕಂಡ ಕೂಡಲೇ ಅದೇ ಹೊತ್ತಿನ ಫೈಲ್ ತೆಗೆದು ವೈರ್‌ಶಾರ್ಕ್‌ನಲ್ಲಿ ರೀಸೆಟ್ (ಈ ಕನೆಕ್ಷನ್ ಇಲ್ಲ ಅಂತ ತಳ್ಳುವ) ಫ್ಲ್ಯಾಗ್ ಇರುವ ಪ್ಯಾಕೆಟ್‌ಗಳನ್ನು ಮಾತ್ರ ಸೋಸಿದೆವು. ಕತೆ ನಾಲ್ಕು ಸಾಲಿನಲ್ಲಿತ್ತು. ಹಿಂದಿನ ರಿಕ್ವೆಸ್ಟ್‌ಗೆ ನೋಡ್ ಉತ್ತರ ಕೊಟ್ಟಿತು. ಐದು ಸೆಕೆಂಡ್ ಮೌನ. ನೋಡ್ ಕಡೆಯಿಂದ ಫಿನ್ ಹೊರಟಿತು, ಅಂದರೆ "ನಾನು ಮುಚ್ಚುತ್ತಿದ್ದೇನೆ" ಅನ್ನುವ ಪ್ಯಾಕೆಟ್. ಹೆಚ್ಚು ಕಡಿಮೆ ಅದೇ ಕ್ಷಣ ಲೋಡ್ ಬ್ಯಾಲೆನ್ಸರ್‌ನಿಂದ ಹೊಸ ಪೋಸ್ಟ್ ಬಂದು ತಲುಪಿತು, ಅದಕ್ಕೆ ನೋಡ್ ಮೆಷಿನ್‌ನಿಂದ ರೀಸೆಟ್ ಹೋಯಿತು.

ಅಂಗಡಿಯವನು ಒಳಗಿನಿಂದ ಶಟರ್ ಎಳೆಯುವ ಹೊತ್ತಿಗೇ ಗಿರಾಕಿ ಹೊರಗೆ ಮೆಟ್ಟಿಲು ಹತ್ತಿದ ಹಾಗೆ. ಇಬ್ಬರದ್ದೂ ತಪ್ಪಿಲ್ಲ. ಫಿನ್ ಇನ್ನೂ ದಾರಿಯಲ್ಲಿರುವಾಗ ಲೋಡ್ ಬ್ಯಾಲೆನ್ಸರ್‌ಗೆ ಆ ಕನೆಕ್ಷನ್ ಜೀವಂತವಾಗಿಯೇ ಕಾಣುತ್ತದೆ, ರಿಕ್ವೆಸ್ಟ್ ಹಾಕುತ್ತದೆ. ರಿಕ್ವೆಸ್ಟ್ ಆ್ಯಪ್‌ನ ಕೋಡ್‌ವರೆಗೆ ಬರುವುದೇ ಇಲ್ಲ, ಮೆಷಿನ್‌ನ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದನ್ನು ಅಲ್ಲೇ ತಳ್ಳಿಬಿಡುತ್ತದೆ. ಬಿಲ್ ಆ್ಯಪ್‌ನ ಲಾಗ್ ಖಾಲಿ ಇದ್ದದ್ದು ಇದಕ್ಕೇ.

ಎಚ್‌ಟಿಟಿಪಿ 1.1ರ ಈಗಿನ ಮಾನದಂಡ 2022ರ ಆರ್‌ಎಫ್‌ಸಿ 9112. ಯಾವ ಬದಿಯವರು ಬೇಕಾದರೂ ಯಾವಾಗ ಬೇಕಾದರೂ ಕನೆಕ್ಷನ್ ಮುಚ್ಚಬಹುದು ಅಂತ ಅದು ಹೇಳುತ್ತದೆ. ಸರ್ವರ್ ಮುಚ್ಚಲು ತೀರ್ಮಾನಿಸಿದ ಹೊತ್ತಿಗೇ ಕ್ಲೈಂಟ್ ಹೊಸ ರಿಕ್ವೆಸ್ಟ್ ಕಳಿಸಿರಬಹುದು ಅನ್ನುವ ಉದಾಹರಣೆಯನ್ನೂ ಅಲ್ಲೇ ಕೊಟ್ಟಿದೆ. ನಮಗೆ ಆದದ್ದು ಮಾನದಂಡದಲ್ಲೇ ಬರೆದಿರುವ ಸಂಗತಿ.

ಬೇಕೆಂದಾಗ ಬೀಳಿಸುವುದು

ಬೇಕೆಂದಾಗ ಬೀಳಿಸಲು ಬಾರದ ದೋಷ ರಿಪೇರಿಯಾಗಿದೆ ಅಂತ ನಂಬುವುದು ಕಷ್ಟ. ಎರಡು ಸಣ್ಣ ಲಿನಕ್ಸ್ ಮೆಷಿನ್ ತೆಗೆದುಕೊಂಡು, ಒಂದರಲ್ಲಿ ಯಾವ ಸೆಟ್ಟಿಂಗೂ ಬದಲಿಸದ ನೋಡ್ ಸರ್ವರ್, ಇನ್ನೊಂದರಲ್ಲಿ ಪೈಥಾನ್ ಕ್ಲೈಂಟ್ ಇಟ್ಟೆವು. ಕ್ಲೈಂಟ್ ಒಂದೇ ಸೆಷನ್‌ನಲ್ಲಿ ಒಂದು ಪೋಸ್ಟ್ ಕಳಿಸುತ್ತದೆ, ಸುಮಾರು 5 ಸೆಕೆಂಡ್ ಸುಮ್ಮನಿರುತ್ತದೆ, ಎರಡನೆಯ ಪೋಸ್ಟ್ ಕಳಿಸುತ್ತದೆ. ಸುಮ್ಮನಿರುವ ಹೊತ್ತನ್ನು 5 ಸೆಕೆಂಡಿನ ಹಿಂದೆ ಮುಂದೆ 10 ಮಿಲಿಸೆಕೆಂಡ್ ಹೆಜ್ಜೆಯಲ್ಲಿ ಬದಲಿಸುತ್ತಾ ಹೋಗಬೇಕು.

ಒಂದೇ ನೆಟ್‌ವರ್ಕ್‌ನಲ್ಲಿ ಎರಡೂ ಇದ್ದರೆ ಫಿನ್ ಎಷ್ಟು ಬೇಗ ತಲುಪುತ್ತದೆ ಅಂದರೆ ಈ ಕಿಂಡಿ ಸಿಗುವುದೇ ಕಷ್ಟ. ಅದನ್ನು ಅಗಲ ಮಾಡಲು ಲಿನಕ್ಸ್‌ನ ಟಿಸಿ ಕಮಾಂಡ್ ಇದೆ. ಅದರ ನೆಟ್ಎಮ್ ಆಯ್ಕೆಯಿಂದ ಸರ್ವರ್ ಮೆಷಿನ್‌ನಿಂದ ಹೊರಡುವ ಪ್ರತಿ ಪ್ಯಾಕೆಟ್‌ಗೂ 100 ಮಿಲಿಸೆಕೆಂಡ್ ತಡ ಸೇರಿಸಿದೆವು. ಈಗ ಸರ್ವರ್ ಮುಚ್ಚಿದ ಸುದ್ದಿ ಕ್ಲೈಂಟ್‌ಗೆ ತಲುಪಲು 100 ಮಿಲಿಸೆಕೆಂಡ್ ಬೇಕು. ಆ ಸಂದಿಯಲ್ಲಿ ಹೊರಟ ಪೋಸ್ಟ್ ಬೀಳಲೇಬೇಕು. ಬಿತ್ತು. ಕ್ಲೈಂಟ್‌ನಲ್ಲಿ ಕಂಡ ದೋಷ ರಿಮೋಟ್ ಡಿಸ್ಕನೆಕ್ಟೆಡ್, ಅಂದರೆ ಆ ಕಡೆಯವರು ಉತ್ತರ ಕೊಡದೇ ಮುಚ್ಚಿದರು ಅಂತ. ಇದೇ ಜಾಗದಲ್ಲಿ ಲೋಡ್ ಬ್ಯಾಲೆನ್ಸರ್ ಇದ್ದಿದ್ದರೆ ಅದು ಇದನ್ನೇ 502 ಅಂತ ಅನುವಾದಿಸಿ ಕೊಡುತ್ತಿತ್ತು.

ನೋಡ್‌ನ ಕೀಪ್-ಅಲೈವ್ ಹೊತ್ತನ್ನು 65 ಸೆಕೆಂಡ್‌ಗೆ ಏರಿಸಿ ಅದೇ ಸ್ಕ್ರಿಪ್ಟ್ ಓಡಿಸಿದೆವು. 5 ಸೆಕೆಂಡಿನ ಸುತ್ತ ಒಂದೂ ಬೀಳಲಿಲ್ಲ.

ಯಾವ ಗಡಿಯಾರ ಮೊದಲು ನಿಲ್ಲಬೇಕು

ಸುಮ್ಮನೆ ಕೂತ ಕನೆಕ್ಷನ್ ಅನ್ನು ಕರೆಯುವ ಬದಿಯವರೇ ಮೊದಲು ಮುಚ್ಚಬೇಕು. ಯಾಕೆಂದರೆ ಮುಂದಿನ ರಿಕ್ವೆಸ್ಟ್ ಯಾವಾಗ ಹೊರಡುತ್ತದೆ ಅಂತ ಗೊತ್ತಿರುವುದು ಅವರಿಗೆ ಮಾತ್ರ. ತಾನು ಮುಚ್ಚಿದ ಕನೆಕ್ಷನ್ ಮೇಲೆ ತಾನೇ ರಿಕ್ವೆಸ್ಟ್ ಹಾಕುವುದಿಲ್ಲ. ಇಲ್ಲಿ ನೋಡ್ ಅನ್ನು ಕರೆಯುವುದು ಲೋಡ್ ಬ್ಯಾಲೆನ್ಸರ್. ಅದರದ್ದು 60 ಸೆಕೆಂಡ್ ಆದ್ದರಿಂದ ನೋಡ್‌ನದ್ದು 60ಕ್ಕಿಂತ ಜಾಸ್ತಿ ಇರಬೇಕು.

ಬಿಲ್ ಆ್ಯಪ್‌ನಲ್ಲಿ ಕೀಪ್‌ಅಲೈವ್‌ಟೈಮ್‌ಔಟ್ 65000 ಮಿಲಿಸೆಕೆಂಡ್, ಹೆಡರ್ಸ್‌ಟೈಮ್‌ಔಟ್ 66000 ಮಿಲಿಸೆಕೆಂಡ್ ಮಾಡಿದೆವು. ಎರಡನೆಯದು ಯಾಕೆ ಅಂದರೆ, ನೋಡ್‌ನ ಕೆಲವು ಹಳೆಯ ಆವೃತ್ತಿಗಳಲ್ಲಿ ಹೆಡರ್ ಕಾಯುವ ಗಡಿಯಾರ ಹಿಂದಿನ ರಿಕ್ವೆಸ್ಟ್‌ನಿಂದಲೇ ಎಣಿಸಲು ಶುರು ಮಾಡುತ್ತಿತ್ತು. ಅದು ಕೀಪ್-ಅಲೈವ್‌ಗಿಂತ ಚಿಕ್ಕದಾಗಿದ್ದರೆ ಮತ್ತೆ ಅದೇ ರೋಗ. ಈಗಿನ ಆವೃತ್ತಿಯಲ್ಲಿ ಬೇಕಿಲ್ಲದಿದ್ದರೂ ಇದ್ದರೆ ನಷ್ಟವಿಲ್ಲ.

ಲೋಡ್ ಬ್ಯಾಲೆನ್ಸರ್‌ನದ್ದನ್ನೇ 4 ಸೆಕೆಂಡ್‌ಗೆ ಇಳಿಸಬಹುದಲ್ಲ ಅಂತ ಒಬ್ಬರು ಕೇಳಿದರು. ಆಗುವುದಿಲ್ಲ. ಆ ಗಡಿಯಾರ ಉತ್ತರಕ್ಕೆ ಕಾಯುವಾಗಲೂ ಓಡುತ್ತದೆ. 4 ಸೆಕೆಂಡ್ ಮಾಡಿದರೆ ತಿಂಗಳ ಕೊನೆಯ ದೊಡ್ಡ ಬಿಲ್‌ಗಳು 504 ಆಗಿ ಬೀಳುತ್ತವೆ.

ನೋಡ್ ಬಳಸದವರಿಗೂ ಇದು ಅನ್ವಯಿಸುತ್ತದೆ. ಪೈಥಾನ್ ಸರ್ವರ್ ಆದ ಯೂವಿಕಾರ್ನ್‌ನ ಡಿಫಾಲ್ಟ್ 5 ಸೆಕೆಂಡ್. ಗುನಿಕಾರ್ನ್ 2 ಸೆಕೆಂಡ್, ಅದೂ ಸಿಂಕ್ ವರ್ಕರ್ ಆದರೆ ಕೀಪ್-ಅಲೈವ್ ಇಲ್ಲವೇ ಇಲ್ಲ. ಎಂಜಿನ್‌ಎಕ್ಸ್ 75 ಸೆಕೆಂಡ್, ಹಾಗಾಗಿ 60 ಸೆಕೆಂಡ್ ಲೋಡ್ ಬ್ಯಾಲೆನ್ಸರ್‌ನ ಹಿಂದೆ ಅದು ಇದ್ದರೆ ಈ ತೊಂದರೆ ಕಡಿಮೆ. ಎಂಜಿನ್‌ಎಕ್ಸ್ ತಾನೇ ಮುಂದೆ ನಿಂತು ಬೇರೆ ಆ್ಯಪ್‌ಗೆ ಕರೆ ಮಾಡುತ್ತಿದ್ದರೆ, ಅಪ್‌ಸ್ಟ್ರೀಮ್ ಮೊದಲೇ ಕನೆಕ್ಷನ್ ಮುಚ್ಚಿತು ಅನ್ನುವ ಸಾಲು ಅದರ ಎರರ್ ಲಾಗ್‌ನಲ್ಲಿ ಸಿಗುತ್ತದೆ. ಗೂಗಲ್ ಕ್ಲೌಡ್‌ನ ಎಚ್‌ಟಿಟಿಪಿ ಲೋಡ್ ಬ್ಯಾಲೆನ್ಸರ್ ಹಿಂದಿನ ಕನೆಕ್ಷನ್‌ಗಳನ್ನು 600 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಅಲ್ಲಿ 65 ಸಾಲದು, 620 ಬೇಕು.

ಉಳಿದ ಕೆಲವು

ಬದಲಾವಣೆ ಹಾಕಿದ ಮೇಲೆ ನಡು ಹೊತ್ತಿನ 502ಗಳು ನಿಂತವು. ಆದರೆ ಹೊಸ ಆವೃತ್ತಿ ಡಿಪ್ಲಾಯ್ ಮಾಡುವಾಗ ಕೆಲವು ಉಳಿದವು. ಇವು ಬೇರೆ ಜಾತಿ. ಲೋಡ್ ಬ್ಯಾಲೆನ್ಸರ್ ಇನ್ನೂ ರಿಕ್ವೆಸ್ಟ್ ಕಳಿಸುತ್ತಿರುವಾಗಲೇ ಹಳೆಯ ಪ್ರೊಸೆಸ್ ಸಾಯುತ್ತಿತ್ತು. ಮೊದಲು ಟಾರ್ಗೆಟ್ ಗ್ರೂಪ್‌ನಿಂದ ಮೆಷಿನ್ ತೆಗೆದು, ಕೈಯಲ್ಲಿರುವ ರಿಕ್ವೆಸ್ಟ್‌ಗಳು ಮುಗಿಯಲು ಬಿಟ್ಟು, ಆಮೇಲೆ ಪ್ರೊಸೆಸ್ ನಿಲ್ಲಿಸುವಂತೆ ಸ್ಕ್ರಿಪ್ಟ್ ಬದಲಿಸಿದೆವು. ಹೊರಗೆ ಹೋಗುವ ಮೆಷಿನ್‌ಗೆ ಲೋಡ್ ಬ್ಯಾಲೆನ್ಸರ್ ಕೊಡುವ ಸಮಯದ ಡಿಫಾಲ್ಟ್ 300 ಸೆಕೆಂಡ್. ನಮ್ಮ ರಿಕ್ವೆಸ್ಟ್‌ಗಳಿಗೆ ಅಷ್ಟು ಬೇಡ, 60ಕ್ಕೆ ಇಳಿಸಿದೆವು.

ಎಸ್‌ಎಂಎಸ್ ಕಡೆಯ ದೋಷ ಇದೇ ಕುಟುಂಬದ್ದು, ಆದರೆ ಗಡಿಯಾರ ಇದ್ದದ್ದು ಯಾರೂ ನೋಡದ ಜಾಗದಲ್ಲಿ. ಸುಮಾರು ಹೊತ್ತು ಯಾವ ಮೆಸೇಜೂ ಹೋಗದೆ, ಆಮೇಲೆ ಹೋಗುವ ಮೊದಲನೆಯದು ಸೋಲುತ್ತಿತ್ತು. ಪೈಥಾನ್ ಲಾಗ್‌ನಲ್ಲಿ ದೋಷದ ಸಂಖ್ಯೆ 104, ಕನೆಕ್ಷನ್ ರೀಸೆಟ್. ರೀಸೆಟ್ ಕಳಿಸಿದ್ದು ಎಸ್‌ಎಂಎಸ್ ಸೇವೆಯ ಸರ್ವರ್ ಅಂತಲೇ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅಲ್ಲ. ನ್ಯಾಟ್ ಗೇಟ್‌ವೇ 350 ಸೆಕೆಂಡ್ ಸುಮ್ಮನಿದ್ದ ಕನೆಕ್ಷನ್‌ನ ನೆನಪು ಅಳಿಸಿಬಿಡುತ್ತದೆ. ಅಳಿಸುವಾಗ ಯಾರಿಗೂ ಫಿನ್ ಕಳಿಸುವುದಿಲ್ಲ. ಆಮೇಲೆ ನಮ್ಮ ಆ್ಯಪ್ ಆ ಕನೆಕ್ಷನ್ ಮೇಲೆ ಏನಾದರೂ ಕಳಿಸಿದಾಗ ರೀಸೆಟ್ ಕೊಡುತ್ತದೆ. ಎಡಬ್ಲ್ಯೂಎಸ್‌ನ ದಾಖಲೆಗಳಲ್ಲಿ ಇದು ಸ್ಪಷ್ಟವಾಗಿ ಬರೆದಿದೆ. ಎಡಬ್ಲ್ಯೂಎಸ್‌ನ ನಿಗಾ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ನ್ಯಾಟ್ ಗೇಟ್‌ವೇಗೆ ಐಡಲ್ ಟೈಮ್‌ಔಟ್ ಎಣಿಸುವ ಮೆಟ್ರಿಕ್ ಕೂಡ ಇದೆ.

ಬಹುಪಾಲು ಸರ್ವರ್‌ಗಳು ಒಂದು ನಿಮಿಷದ ಆಸುಪಾಸಿನಲ್ಲಿ ತಾವೇ ಮುಚ್ಚುವುದರಿಂದ ಈ 350 ಎಷ್ಟೋ ಜನರಿಗೆ ಎದುರಾಗುವುದೇ ಇಲ್ಲ. ಆ ಕಡೆಯ ಸರ್ವರ್ ಕನೆಕ್ಷನ್ ಅನ್ನು ಬಹಳ ಹೊತ್ತು ತೆರೆದಿಟ್ಟರೆ ಮಾತ್ರ ಎದುರಾಗುತ್ತದೆ. ನಮ್ಮದು ಹಾಗಿತ್ತು.

ಇಲ್ಲಿಗೆ ಮದ್ದು ಟಿಸಿಪಿ ಕೀಪ್-ಅಲೈವ್. ಎಚ್‌ಟಿಟಿಪಿಯ ಕೀಪ್-ಅಲೈವ್ ಬೇರೆ, ಇದು ಬೇರೆ. ಇದು ಸುಮ್ಮನಿದ್ದ ಕನೆಕ್ಷನ್ ಮೇಲೆ ಆಗಾಗ ಒಂದು ಖಾಲಿ ಪ್ಯಾಕೆಟ್ ಕಳಿಸಿ ಅದನ್ನು ಎಚ್ಚರವಾಗಿಡುತ್ತದೆ. ಲಿನಕ್ಸ್‌ನಲ್ಲಿ ಆ್ಯಪ್ ಕೇಳಿದರೆ ಮಾತ್ರ ಇದು ಆನ್ ಆಗುತ್ತದೆ. ಆನ್ ಆದರೂ ಮೊದಲ ಪ್ಯಾಕೆಟ್ ಹೊರಡುವುದು 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ಗಂಟೆ! 350ರ ಮುಂದೆ ಅದರಿಂದ ಏನೂ ಪ್ರಯೋಜನವಿಲ್ಲ. ರಿಕ್ವೆಸ್ಟ್ಸ್ ಲೈಬ್ರರಿಯ ಎಚ್‌ಟಿಟಿಪಿ ಅಡಾಪ್ಟರ್ ಅನ್ನು ವಿಸ್ತರಿಸಿ, ಸಾಕೆಟ್ ಆಯ್ಕೆಗಳಲ್ಲಿ ಕೀಪ್-ಅಲೈವ್ ಆನ್ ಮಾಡಿ, ಮೊದಲ ಪ್ಯಾಕೆಟ್ 120 ಸೆಕೆಂಡ್‌ಗೆ ಹೊರಡುವಂತೆ ಮಾಡಿದೆವು. ಲೈಬ್ರರಿ ತಾನಾಗಿ ಹಾಕುವ ನೋ-ಡಿಲೇ ಆಯ್ಕೆಯನ್ನು ಉಳಿಸಿಕೊಂಡೇ ಹೊಸದನ್ನು ಸೇರಿಸಬೇಕು, ಅದನ್ನು ಗಮನಿಸಿ.

ರೀಟ್ರೈ, ಆದರೆ ಕೊನೆಯಲ್ಲಿ

ಮೂಲ ಸರಿಪಡಿಸಿದ ಮೇಲೂ ನೆಟ್‌ವರ್ಕ್ ಎಂದಾದರೂ ಕೈಕೊಡುತ್ತದೆ. ಪೈಥಾನ್‌ನಿಂದ ಲೋಡ್ ಬ್ಯಾಲೆನ್ಸರ್‌ವರೆಗಿನ ಕನೆಕ್ಷನ್‌ನಲ್ಲೂ ಅದೇ ಪೈಪೋಟಿ (ಮುಚ್ಚುವುದೂ ಕಳಿಸುವುದೂ ಒಂದೇ ಕ್ಷಣಕ್ಕೆ ಆಗುವುದು) ಸಾಧ್ಯ, ಅಲ್ಲಿ 60 ಸೆಕೆಂಡ್‌ಗೆ ಮುಚ್ಚುವುದು ಲೋಡ್ ಬ್ಯಾಲೆನ್ಸರ್. ಕನೆಕ್ಷನ್ ಮತ್ತೆ ಬಳಸುವ ಮೊದಲು ರಿಕ್ವೆಸ್ಟ್ಸ್‌ನ ಒಳಗೆ ಕೆಲಸ ಮಾಡುವ ಯುಆರ್‌ಎಲ್‌ಲಿಬ್3 ಲೈಬ್ರರಿ ಒಮ್ಮೆ ಇಣುಕಿ ನೋಡುತ್ತದೆ. ಅದರಿಂದ ಕಿಂಡಿ ಕಿರಿದಾಗುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ರೀಟ್ರೈ ಬೇಕು.

ಕಷ್ಟ ಇರುವುದು ಇಲ್ಲಿ. ನಮ್ಮ ಈ ದೋಷದಲ್ಲಿ ರಿಕ್ವೆಸ್ಟ್ ಬಿಲ್ ಆ್ಯಪ್‌ಗೆ ತಲುಪಿರಲೇ ಇಲ್ಲ, ಅದು ಪ್ಯಾಕೆಟ್ ನೋಡಿದ ನಮಗೆ ಗೊತ್ತು. ಆದರೆ ಆರ್ಡರ್ ಆ್ಯಪ್‌ಗೆ ಸಿಗುವುದು 502 ಮಾತ್ರ. ಬಿಲ್ ಆಗಿ, ಉತ್ತರ ಬರುವ ದಾರಿಯಲ್ಲಿ ಮುರಿದಿದ್ದರೂ ಅದೇ 502. ಅದಕ್ಕೇ ಯುಆರ್‌ಎಲ್‌ಲಿಬ್3ರ ರೀಟ್ರೈ ತಾನಾಗಿ ಪೋಸ್ಟ್ ಅನ್ನು ಮತ್ತೆ ಕಳಿಸಬಹುದಾದವುಗಳ ಪಟ್ಟಿಗೆ ಸೇರಿಸುವುದಿಲ್ಲ. ಗೆಟ್, ಪುಟ್, ಡಿಲೀಟ್ ಎಷ್ಟು ಸಲ ಮಾಡಿದರೂ ಫಲ ಒಂದೇ ಇರಬೇಕು ಅನ್ನುವುದು ಎಚ್‌ಟಿಟಿಪಿಯ ನಿಯಮ. ಪೋಸ್ಟ್‌ಗೆ ಆ ಭರವಸೆ ಇಲ್ಲ.

ಬಿಲ್ ಎರಡಾದರೆ ಅದು ಬರೀ ಡೇಟಾ ತೊಂದರೆಯಲ್ಲ. ಕೇಂದ್ರ ಜಿಎಸ್‌ಟಿಯ (ಸಿಜಿಎಸ್‌ಟಿ) ನಿಯಮ 46ರ ಪ್ರಕಾರ ಬಿಲ್ ನಂಬರ್ ಒಂದರ ನಂತರ ಒಂದು ಬರಬೇಕು, ಆ ಹಣಕಾಸು ವರ್ಷದಲ್ಲಿ ಒಂದೇ ಇರಬೇಕು, 16 ಅಕ್ಷರ ಮೀರಬಾರದು. ತಪ್ಪಿ ಎರಡು ಬಿಲ್ ಹೋದರೆ ಲೆಕ್ಕದವರು ಕ್ರೆಡಿಟ್ ನೋಟ್ ಮಾಡುತ್ತಾ ಕೂರಬೇಕು. ನಾವು ಮಾಡಿದ ಸಣ್ಣ ತಪ್ಪಿನ ಹೊರೆ ಅವರ ತಲೆಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಆರ್ಡರ್ ಉಳಿಸುವಾಗಲೇ ಅದಕ್ಕೊಂದು ಯುಯುಐಡಿ (ಬೇರೆಲ್ಲೂ ಬಾರದ ಗುರುತು) ಹುಟ್ಟಿಸಿ ಆರ್ಡರ್ ಜೊತೆಗೇ ಇಡುತ್ತೇವೆ. ಪ್ರತಿ ಪ್ರಯತ್ನದಲ್ಲೂ ಅದೇ ಕೀಲಿ ಹೆಡರ್‌ನಲ್ಲಿ ಹೋಗುತ್ತದೆ. ಪ್ರಯತ್ನಕ್ಕೊಂದು ಹೊಸ ಕೀಲಿ ಹುಟ್ಟಿಸಿದರೆ ಏನೂ ಉಪಯೋಗವಿಲ್ಲ. ಬಿಲ್ ಟೇಬಲ್‌ನಲ್ಲಿ ಆ ಕೀಲಿಗೆ ಯೂನಿಕ್ ನಿರ್ಬಂಧ ಹಾಕಿದ್ದೇವೆ. ಕೀಲಿ ಮೊದಲೇ ಇದ್ದರೆ ಹೊಸ ಬಿಲ್ ಮಾಡದೆ ಹಳೆಯ ನಂಬರನ್ನೇ ವಾಪಸ್ ಕೊಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬಿಲ್ ನಂಬರನ್ನು ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್‌ನಿಂದ (ತಾನಾಗಿ ಏರುವ ಎಣಿಕೆ) ತೆಗೆದರೆ, ಇನ್ಸರ್ಟ್ ಆಗದೇ ಹೋದರೂ ಆ ನಂಬರ್ ಖರ್ಚಾಗಿಬಿಡುತ್ತದೆ. ಸರಣಿಯಲ್ಲಿ ತೂತು ಬೀಳುತ್ತದೆ. ಅದಕ್ಕೆ ನಂಬರ್‌ಗೆ ಬೇರೆ ಒಂದು ಎಣಿಕೆ ಸಾಲು ಇಟ್ಟು, ಅದೇ ಟ್ರಾನ್ಸಾಕ್ಷನ್ ಒಳಗೆ ಲಾಕ್ ಹಾಕಿ ಏರಿಸುತ್ತೇವೆ. ಟ್ರಾನ್ಸಾಕ್ಷನ್ ವಾಪಸಾದರೆ ನಂಬರೂ ವಾಪಸ್.

ರೀಟ್ರೈ ಮಾಡುವುದು ಆರ್ಡರ್ ಆ್ಯಪ್ ಒಂದೇ. ಮೂರು ಪದರಗಳಲ್ಲಿ ಪ್ರತಿಯೊಂದೂ ಮೂರು ಸಲ ಪ್ರಯತ್ನಿಸಿದರೆ ಕೊನೆಯ ಪದರಕ್ಕೆ ಬೀಳುವುದು 27 ರಿಕ್ವೆಸ್ಟ್, ಅದೂ ಆ ಪದರ ಈಗಾಗಲೇ ಏದುಸಿರು ಬಿಡುತ್ತಿರುವಾಗ. ಪ್ರಯತ್ನಗಳ ನಡುವಿನ ಅಂತರ ಅರ್ಧ ಸೆಕೆಂಡ್, ಒಂದು, ಎರಡು ಅಂತ ಏರುತ್ತದೆ, ಜೊತೆಗೆ ಸ್ವಲ್ಪ ಹೆಚ್ಚುಕಡಿಮೆ ಬೆರೆಸುತ್ತೇವೆ. ಇಲ್ಲದಿದ್ದರೆ ಒಟ್ಟಿಗೆ ಬಿದ್ದ ರಿಕ್ವೆಸ್ಟ್‌ಗಳೆಲ್ಲ ಒಟ್ಟಿಗೇ ಎದ್ದು ಬರುತ್ತವೆ. 502, 503, 504 ಮತ್ತು ಕನೆಕ್ಷನ್ ದೋಷಗಳಿಗೆ ಮಾತ್ರ ರೀಟ್ರೈ. 400, 403, 422 ಬಂದರೆ ಎಷ್ಟು ಸಲ ಕಳಿಸಿದರೂ ಅದೇ ಉತ್ತರ.

ಟೈಮ್‌ಔಟ್ ಕೂಡ ಆಗಲೇ ಹಾಕಿದೆವು. ರಿಕ್ವೆಸ್ಟ್ಸ್ ಲೈಬ್ರರಿಗೆ ಹೇಳದಿದ್ದರೆ ಅದು ಕೊನೆಯಿಲ್ಲದೆ ಕಾಯುತ್ತದೆ. ಕನೆಕ್ಟ್‌ಗೆ 3.05 ಸೆಕೆಂಡ್, ಉತ್ತರಕ್ಕೆ 27 ಸೆಕೆಂಡ್ ಕೊಟ್ಟಿದ್ದೇವೆ. ಉತ್ತರಕ್ಕೆ ಕಾಯುವ ಗಡಿಯಾರಗಳ ಕ್ರಮ ಸುಮ್ಮನಿರುವ ಗಡಿಯಾರಗಳಿಗೆ ತಿರುಗಾಮುರುಗಾ. ಇಲ್ಲಿ ಒಳಗಿನವರು ಮೊದಲು ಕೈಬಿಡಬೇಕು, ಹೊರಗಿನವರು ಆಮೇಲೆ. ಪೋಸ್ಟ್‌ಗ್ರೆಸ್‌ನ ಸ್ಟೇಟ್‌ಮೆಂಟ್ ಟೈಮ್‌ಔಟ್ 20 ಸೆಕೆಂಡ್, ಆರ್ಡರ್ ಆ್ಯಪ್ 27. ಹೊರಗಿನವರು ಮೊದಲು ಹೊರಟರೆ ಯಾರಿಗೂ ಬೇಡದ ಉತ್ತರಕ್ಕಾಗಿ ಡೇಟಾಬೇಸ್ ದುಡಿಯುತ್ತಲೇ ಇರುತ್ತದೆ.

ಕೊನೆಯದಾಗಿ ಗುರುತು. ಎಕ್ಸ್-ಎಎಂಝಡ್‌ಎನ್-ಟ್ರೇಸ್-ಐಡಿ (X-Amzn-Trace-Id) ಅನ್ನುವ ಹೆಡರ್‌ನ ರೂಟ್ ಭಾಗವನ್ನು ನಾವೇ ತುಂಬಿ ಕಳಿಸಿದರೆ ಲೋಡ್ ಬ್ಯಾಲೆನ್ಸರ್ ಅದನ್ನು ಉಳಿಸಿಕೊಂಡು, ತನ್ನದೊಂದು ಭಾಗ ಸೇರಿಸಿ ಮುಂದೆ ಕಳಿಸುತ್ತದೆ, ಆ್ಯಕ್ಸೆಸ್ ಲಾಗ್‌ನಲ್ಲೂ ಬರೆಯುತ್ತದೆ. ಈಗ ಒಂದೇ ಗುರುತು ಹುಡುಕಿದರೆ ಆರ್ಡರ್ ಆ್ಯಪ್, ಲೋಡ್ ಬ್ಯಾಲೆನ್ಸರ್, ಬಿಲ್ ಆ್ಯಪ್ ಮೂರರ ಸಾಲುಗಳೂ ಸಿಗುತ್ತವೆ. ಮೊದಲು ಹೊತ್ತು ಹೋಲಿಸಿ ಹೋಲಿಸಿ ಹುಡುಕುತ್ತಿದ್ದೆವು.

ಕ್ಲೌಡ್‌ವಾಚ್‌ನಲ್ಲಿ ಲೋಡ್ ಬ್ಯಾಲೆನ್ಸರ್ ಕೊಟ್ಟ 502 ಮತ್ತು ಆ್ಯಪ್ ಕೊಟ್ಟ 5xx ಎರಡಕ್ಕೂ ಬೇರೆ ಬೇರೆ ಅಲಾರಂ ಇಟ್ಟಿದ್ದೇವೆ. ಮೊದಲನೆಯದು ಈಗ ಸೊನ್ನೆಯಲ್ಲಿದೆ. 27 ಸೆಕೆಂಡ್ ಹಾಕಿದ ಮೇಲೆ ಆ್ಯಕ್ಸೆಸ್ ಲಾಗ್‌ನಲ್ಲಿ 460 ಕೋಡ್ ಅಲ್ಲೊಂದು ಇಲ್ಲೊಂದು ಕಾಣತೊಡಗಿದೆ, ಅಂದರೆ ಕರೆದವನೇ ಕಾದು ಸಾಕಾಗಿ ಹೊರಟ. 20 ಸೆಕೆಂಡ್‌ಗೆ ನಿಲ್ಲಬೇಕಾದ ಕ್ವೆರಿಗಳ ಆಚೆಗೂ ಬಿಲ್ ಆ್ಯಪ್‌ನಲ್ಲಿ ಏನೋ ಹೊತ್ತು ತಿನ್ನುತ್ತಿದೆ. ಬಹುಪಾಲು ಪಿಡಿಎಫ್ ತಯಾರಿಸುವ ಭಾಗ. ಅದನ್ನು ಬಿಲ್ ನಂಬರ್ ಕೊಡುವ ದಾರಿಯಿಂದ ಹೊರಗೆ ತೆಗೆದು ಕ್ಯೂಗೆ ಹಾಕುವ ಕೆಲಸ ಈಗ ಶುರುವಾಗಿದೆ.